ಪ್ರಶ್ನೆಯಿಂದ ಶುರುವಾಗುವ ನರ್ಸಿಂಗ್ ಪಾಠ

ಮಧುಮೇಹದ ರೋಗಿಯೊಬ್ಬರಿಗೆ ಬೆಳಿಗ್ಗೆ ಏಳಕ್ಕೆ ಇನ್ಸುಲಿನ್ ಕೊಟ್ಟಾಗಿದೆ. ತಿಂಡಿ ತಡವಾಗಿ ಬಂತು, ಬಂದದ್ದೂ ಸೇರಲಿಲ್ಲ. ಎಂಟೂವರೆಯ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ತೊದಲು ಮಾತು. ವಾರ್ಡಿನಲ್ಲಿರುವುದು ನರ್ಸ್ ಒಬ್ಬರೇ. ಅವರು ಮೊದಲು ಏನು ಮಾಡಬೇಕು?

‘ಸಮಸ್ಯೆ ಆಧಾರಿತ ಕಲಿಕೆ’ಯಲ್ಲಿ ಪಾಠ ಆರಂಭವಾಗುವುದೇ ಇಂಥ ಪ್ರಶ್ನೆಯಿಂದ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ 1969ರಲ್ಲಿ 20 ವಿದ್ಯಾರ್ಥಿಗಳ ಮೊದಲ ತಂಡದೊಂದಿಗೆ ಈ ಪದ್ಧತಿಗೆ ನಾಂದಿ ಹಾಡಿತು. ಮುಂದೆ ಅದು ಹಲವು ದೇಶಗಳಿಗೆ, ನರ್ಸಿಂಗ್ ಶಿಕ್ಷಣಕ್ಕೂ ಹಬ್ಬಿತು.

ಕ್ರಮ ಹೀಗಿದೆ: ಎಂಟು ಹತ್ತು ವಿದ್ಯಾರ್ಥಿಗಳ ಗುಂಪಿಗೆ ರೋಗಿಯ ವಿವರ ಕೊಡಲಾಗುತ್ತದೆ. ತಮಗೆ ಗೊತ್ತಿರುವುದೇನು, ತಿಳಿಯಬೇಕಾದುದೇನು ಎಂದು ಅವರು ಪಟ್ಟಿ ಮಾಡುತ್ತಾರೆ. ಇನ್ಸುಲಿನ್ ಹೇಗೆ ಕೆಲಸ ಮಾಡುತ್ತದೆ, ಸಕ್ಕರೆ ಇಳಿದರೆ ಬೆವರುವುದೇಕೆ ಎಂಬ ಪ್ರಶ್ನೆಗಳನ್ನು ಹಂಚಿಕೊಂಡು ಗ್ರಂಥಾಲಯದಲ್ಲಿ ಓದುತ್ತಾರೆ. ಮತ್ತೆ ಕೂಡಿ ಚರ್ಚಿಸುತ್ತಾರೆ. ಶಿಕ್ಷಕರು ಉತ್ತರ ಹೇಳುವುದಿಲ್ಲ, ‘ಏಕೆ?’ ಎಂದು ಕೇಳುತ್ತಾರೆ.

ಕೊನೆಗೆ ಸಿಗುವ ಉತ್ತರ ಸ್ಪಷ್ಟ. ತಕ್ಷಣ ರಕ್ತದ ಸಕ್ಕರೆ ಪರೀಕ್ಷಿಸಬೇಕು. ಅದು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿದ್ದು, ರೋಗಿಗೆ ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ 15 ಗ್ರಾಂ ಗ್ಲೂಕೋಸ್ ಕೊಟ್ಟು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿದೀತು. ಕೂಡಲೇ ವೈದ್ಯರನ್ನು ಕರೆದು ರಕ್ತನಾಳದ ಮೂಲಕ ಗ್ಲೂಕೋಸ್ ಕೊಡಲು ಸಿದ್ಧತೆ ನಡೆಸಬೇಕು.

ಶರೀರಕ್ರಿಯೆ, ಔಷಧಶಾಸ್ತ್ರ, ಪೋಷಣೆ ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯಗಳು. ರೋಗಿಯ ಹಾಸಿಗೆಯ ಬಳಿ ಅವೆಲ್ಲ ಒಂದೇ. ಈ ಜೋಡಣೆಯನ್ನು ಮೊದಲೇ ರೂಢಿಸಿಕೊಂಡವರು ವಾರ್ಡಿನಲ್ಲಿ ಲಕ್ಷಣವನ್ನು ಬೇಗ ಗುರುತಿಸುತ್ತಾರೆ, ವೈದ್ಯರಿಗೆ ಸರಿಯಾಗಿ ವರದಿ ಮಾಡುತ್ತಾರೆ.

ಮಿತಿಗಳೂ ಇಲ್ಲದಿಲ್ಲ. ಚುಚ್ಚುಮದ್ದು ಕೊಡುವ, ಗಾಯ ಕಟ್ಟುವ ಕೈಚಳಕ ಚರ್ಚೆಯಿಂದ ಬರುವುದಿಲ್ಲ. ಅದಕ್ಕೆ ಅಭ್ಯಾಸವೇ ಬೇಕು. ದೊಡ್ಡ ತರಗತಿಯಲ್ಲಿ ಈ ಪದ್ಧತಿ ನಡೆಸುವುದು ಕಷ್ಟ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷ್ ಚರ್ಚೆಯಲ್ಲಿ ಮೌನವಾಗಿಬಿಡುವ ಸಂಭವವಿದೆ. ಅವರನ್ನು ಮಾತಿಗೆಳೆಯುವುದು ಶಿಕ್ಷಕರ ಹೊಣೆ.

ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮವನ್ನು ಎಂಟು ಸೆಮಿಸ್ಟರ್‌ಗಳಾಗಿ ಪರಿಷ್ಕರಿಸಿ, ಸಾಮರ್ಥ್ಯ ಆಧಾರಿತ ಕಲಿಕೆಗೆ ಒತ್ತು ಕೊಟ್ಟಿದೆ. ಆದ್ದರಿಂದ ಪ್ರವೇಶಕ್ಕೆ ಮೊದಲು ಪೋಷಕರು ಶುಲ್ಕವನ್ನಷ್ಟೇ ವಿಚಾರಿಸಿದರೆ ಸಾಲದು. ವಿದ್ಯಾರ್ಥಿಗಳು ಅಭ್ಯಾಸ ಮಾಡುವ ಆಸ್ಪತ್ರೆ ಯಾವುದು, ಗುಂಪು ಚರ್ಚೆ ನಡೆಯುತ್ತದೆಯೇ, ಗ್ರಂಥಾಲಯ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನೂ ಕೇಳಬೇಕು. ಪ್ರಶ್ನೆ ಕೇಳಲು ಹಿಂಜರಿಯದ ವಿದ್ಯಾರ್ಥಿಗೆ ಈ ವೃತ್ತಿಯಲ್ಲಿ ಅರ್ಧ ದಾರಿ ಕ್ರಮಿಸಿದಂತೆಯೇ ಸರಿ.