ಮೂರು ಸಂಖ್ಯೆಗಳ ಸುಳಿ

ಒಂದು ಊರಿನ ಕಂಪ್ಯೂಟರಿನಿಂದ ಹೊರಟ ಸಂದೇಶವು ಇನ್ನೊಂದು ಊರಿನ ಕಂಪ್ಯೂಟರನ್ನು ಸೇರಬೇಕಾದರೆ ನಡುವೆ ಅನೇಕ ಕವಲುದಾರಿಗಳನ್ನು ಹಾಯಬೇಕಾಗುತ್ತದೆ. ಒಂದೊಂದು ಕವಲಿನಲ್ಲಿಯೂ ದಾರಿ ತೋರುವ ಯಂತ್ರವೊಂದಿರುತ್ತದೆ. ಇದನ್ನು ನಾವು ಈಗ ರೌಟರ್ ಎನ್ನುತ್ತೇವೆ. ಯಾವ ದಾರಿ ತೆರೆದಿದೆ, ಯಾವುದರಲ್ಲಿ ವಿಳಂಬವಿದೆ ಎಂಬ ವರ್ತಮಾನವನ್ನು ಈ ಯಂತ್ರಗಳು ಪರಸ್ಪರ ತಿಳಿಸುತ್ತಲೇ ಇರುತ್ತವೆ. ಈ ವರ್ತಮಾನವೇ ಕೆಟ್ಟರೆ ಏನಾದೀತು? ೧೯೮೦ನೆಯ ಇಸವಿ ಅಕ್ಟೋಬರ್ ೨೭ರಂದು ಅಮೆರಿಕದಲ್ಲಿ ನಡೆದ ಘಟನೆಯಿಂದ ಅದನ್ನು ತಿಳಿಯಬಹುದು.

ಅಲ್ಲಿಯ ವಿಶ್ವವಿದ್ಯಾನಿಲಯಗಳ ಮತ್ತು ಸಂಶೋಧನಾಲಯಗಳ ಕಂಪ್ಯೂಟರುಗಳನ್ನು ಜೋಡಿಸಿದ ಆರ್ಪಾನೆಟ್ ಎಂಬ ಜಾಲವು ೧೯೬೯ರಲ್ಲಿ ಕೇವಲ ನಾಲ್ಕು ಕೇಂದ್ರಗಳಿಂದ ಆರಂಭವಾಗಿ ಬೆಳೆದಿದ್ದಿತು. ದಾರಿ ತೋರುವ ಯಂತ್ರಕ್ಕೆ ಅಲ್ಲಿ ಇಂಪ್ ಎಂದು ಹೆಸರು. ಆ ದಿನ ಹಲವು ಗಂಟೆಗಳ ಕಾಲ ಜಾಲವೆಲ್ಲವೂ ನಿರುಪಯುಕ್ತವಾಯಿತು. ತಂತಿಗಳು ಸತ್ತಂತೆ ತೋರಿದುವು. ಆದರೆ ತಂತಿಗಳಲ್ಲಿ ದೋಷವಿರಲಿಲ್ಲ. ಯಾವುದಾದರೊಂದು ಇಂಪನ್ನು ಹೊಸದಾಗಿ ಚಾಲನೆ ಮಾಡಿದರೆ ಅದು ಸ್ವಲ್ಪ ಹೊತ್ತು ನೆಟ್ಟಗೆ ನಡೆದು ಮತ್ತೆ ಹಿಂದಿನಂತೆಯೇ ಆಗುತ್ತಿತ್ತು.

ತಜ್ಞರು ಇಂಪುಗಳ ಸ್ಮೃತಿಕೋಶವನ್ನು ಪರೀಕ್ಷಿಸಿದಾಗ ಅಲ್ಲೆಲ್ಲ ದಾರಿಯ ವರ್ತಮಾನಗಳೇ ತುಂಬಿದ್ದುವು. ಅವೆಲ್ಲವೂ ೫೦ನೆಯ ಇಂಪಿನ ಹೆಸರಿನಲ್ಲಿದ್ದುವು. ಅವುಗಳ ಕ್ರಮಸಂಖ್ಯೆಗಳಾದರೋ ೮, ೪೦ ಮತ್ತು ೪೪ ಎಂಬ ಮೂರೇ!

ಈ ಕ್ರಮಸಂಖ್ಯೆ ಏತಕ್ಕೆ? ಎರಡು ವರ್ತಮಾನಗಳಲ್ಲಿ ಹೊಸದು ಯಾವುದೆಂದು ತಿಳಿಯುವುದಕ್ಕೆ. ಹೊಸದಾದರೆ ಯಂತ್ರವು ಅದನ್ನು ಅಂಗೀಕರಿಸಿ ನೆರೆಯವರಿಗೆ ಹಂಚುತ್ತದೆ, ಹಳೆಯದಾದರೆ ಬಿಟ್ಟುಬಿಡುತ್ತದೆ. ಸಂಖ್ಯೆಗಳು ೦ಯಿಂದ ೬೩ರವರೆಗೆ ಹೋಗಿ, ಗಡಿಯಾರದ ಮುಳ್ಳಿನಂತೆ ಮತ್ತೆ ೦ಗೆ ಬರುತ್ತಿದ್ದುವು. ಆದುದರಿಂದ ೬೩ಕ್ಕಿಂತ ೧ ಹೊಸದು. ಒಂದು ಸಂಖ್ಯೆಯಿಂದ ಮುಂದಕ್ಕೆ ಎಣಿಸಿದಾಗ ಅರ್ಧ ಸುತ್ತಿನೊಳಗೆ, ಎಂದರೆ ೩೨ ಹೆಜ್ಜೆಗಳೊಳಗೆ, ಸಿಕ್ಕುವುದೇ ಹೊಸದೆಂದು ನಿಯಮ; ಸರಿಯಾಗಿ ೩೨ ಆದರೆ ದೊಡ್ಡ ಸಂಖ್ಯೆಯೇ ಹೊಸದು.

ಈಗ ಎಣಿಸಿ ನೋಡೋಣ. ೮ರಿಂದ ೪೦ಕ್ಕೆ ೩೨ ಹೆಜ್ಜೆ. ಆದುದರಿಂದ ೪೦ ಹೊಸದು. ೪೦ರಿಂದ ೪೪ಕ್ಕೆ ನಾಲ್ಕೇ ಹೆಜ್ಜೆ, ೪೪ ಹೊಸದು. ೪೪ರಿಂದ ಸುತ್ತಿ ೮ಕ್ಕೆ ಬರಲು ೨೮ ಹೆಜ್ಜೆ, ೮ ಹೊಸದು! ಹೀಗೆ ಮೂರರಲ್ಲಿ ಪ್ರತಿಯೊಂದೂ ಇನ್ನೊಂದನ್ನು ಹಳೆಯದು ಮಾಡುತ್ತ ಕೊನೆಯಿಲ್ಲದೆ ಸುತ್ತತೊಡಗಿದುವು. ಯಂತ್ರಗಳು ದಾರಿಯ ವರ್ತಮಾನಕ್ಕೆ ಅಗ್ರಸ್ಥಾನವನ್ನು ಕೊಡುತ್ತಿದ್ದುದರಿಂದ ನೆರೆಯ ಯಂತ್ರದ ಕರೆಗೆ ಓಗೊಡಲೂ ಅವುಗಳಿಗೆ ಬಿಡುವಿಲ್ಲವಾಯಿತು. ತಂತಿಗಳು ಸತ್ತಂತೆ ತೋರಿದುದು ಇದರಿಂದಲೇ.

ಈ ಮೂರು ಸಂಖ್ಯೆಗಳು ಹುಟ್ಟಿದುದಾದರೂ ಹೇಗೆ? ದ್ವಿಮಾನ ಪದ್ಧತಿಯಲ್ಲಿ ೪೪ ಎಂದರೆ ೧೦೧೧೦೦. ಇದರಲ್ಲಿ ಒಂದು ೧ ಅಳಿದರೆ ೧೦೧೦೦೦, ಎಂದರೆ ೪೦. ಇನ್ನೊಂದು ಅಳಿದರೆ ೦೦೧೦೦೦, ಎಂದರೆ ೮. ನೆರೆಯ ೨೯ನೆಯ ಇಂಪ್ ಹೀಗೆ ಬಿಟ್ಟುಗಳನ್ನು ಕಳೆಯುತ್ತಿದ್ದುದು ಆಮೇಲೆ ತಿಳಿಯಿತು. ತಂತಿಯಲ್ಲಿ ಸಾಗುವಾಗ ತಪ್ಪನ್ನು ಹಿಡಿಯುವ ತಾಳೆಲೆಕ್ಕವಿದ್ದಿತು; ಸ್ಮೃತಿಯಲ್ಲಿರುವಾಗ ಅಂತಹ ಕಾವಲಿರಲಿಲ್ಲ.

ಒಂದೊಂದೇ ಯಂತ್ರವನ್ನು ಚಾಲನೆ ಮಾಡುವುದು ಏಕೆ ವ್ಯರ್ಥವಾಯಿತೆಂಬುದು ಈಗ ಸ್ಪಷ್ಟ. ನೆರೆಯ ಯಂತ್ರಗಳು ಅದೇ ಸುಳಿಯನ್ನು ಅದಕ್ಕೆ ಮತ್ತೆ ಅಂಟಿಸುತ್ತಿದ್ದುವು. ಕಡೆಗೆ ೫೦ನೆಯ ಇಂಪಿನ ಹೆಸರಿನ ವರ್ತಮಾನಗಳನ್ನು ಲೆಕ್ಕಿಸಬಾರದೆಂಬ ಕಿರು ತಿದ್ದುಪಡಿಯನ್ನು ಯಂತ್ರಗಳ ಕ್ರಮವಿಧಿಗೆ ಸೇರಿಸಿದ ಮೇಲೆ ಜಾಲವು ಚೇತರಿಸಿಕೊಂಡಿತು. ಎರಿಕ್ ರೋಸೆನ್ ೧೯೮೧ರಲ್ಲಿ ಇದನ್ನೆಲ್ಲ ವರದಿಯಾಗಿ ಬರೆದರು.

ಇಲ್ಲಿ ಗಮನಿಸಬೇಕಾದ ವಿಷಯವೊಂದುಂಟು. ಕೆಟ್ಟುದು ಒಂದೇ ಯಂತ್ರ. ಉಳಿದುವೆಲ್ಲ ನಿಯಮವನ್ನು ತಪ್ಪದೆ ಪಾಲಿಸಿದುವು. ಹಾಗೆ ಪಾಲಿಸಿದುದರಿಂದಲೇ ಜಾಲವು ನಿಂತಿತು. ದೋಷವು ನಿಯಮದಲ್ಲಿಯೇ ಇದ್ದಿತು: ಅದು ಎಲ್ಲ ಯಂತ್ರಗಳೂ ಸರಿಯಾಗಿವೆ ಎಂದು ನಂಬಿತ್ತು. ರೇಡಿಯಾ ಪರ್ಲ್‌ಮನ್ ಅವರು ೧೯೮೩ರಲ್ಲಿ, ಯಂತ್ರವು ಕೆಟ್ಟರೂ ತಾನೇ ಸುಸ್ಥಿತಿಗೆ ಮರಳುವ ವಿಧಾನವನ್ನು ಸೂಚಿಸಿದರು. ಇಂದು ಅನೇಕ ಜಾಲಗಳಲ್ಲಿ ಬಳಕೆಯಲ್ಲಿರುವ ಓಎಸ್‌ಪಿಎಫ್ ಎಂಬ ಪದ್ಧತಿಯಲ್ಲಿ ಕ್ರಮಸಂಖ್ಯೆಗೆ ೩೨ ಬಿಟ್ಟುಗಳುಂಟು. ಅದು ವೃತ್ತವಾಗಿ ಸುತ್ತುವುದಿಲ್ಲ. ವರ್ತಮಾನಕ್ಕೆ ತನ್ನದೇ ತಾಳೆಲೆಕ್ಕವಿದೆ. ಅದಕ್ಕೆ ಆಯುಸ್ಸನ್ನೂ ವಿಧಿಸಿದ್ದಾರೆ: ಮತ್ತೆ ಹೊಸದಾಗಿ ಬಾರದಿದ್ದರೆ ಒಂದು ಗಂಟೆಯಲ್ಲಿ ಅದು ಅಳಿಯಲೇಬೇಕು.