ಬಾನಾಡಿಗಳ ಕಟ್ಟೆ

ನಮ್ಮ ತುಬಚಿಯ ಹೆಸರನ್ನು ಹೊರಗಿನವರು ಕೇಳಿದ್ದರೆ ಬಹುಶಃ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆಯ ದೆಸೆಯಿಂದ ಕೇಳಿರಬೇಕು. ಕೃಷ್ಣೆಯ ನೀರನ್ನು ಮೇಲಕ್ಕೆತ್ತಿ ವಿಜಯಪುರದ ಒಣಭೂಮಿಗೆ ಸಾಗಿಸುವ ಯೋಜನೆ ಅದು. ನೀರನ್ನು ಮೇಲಕ್ಕೆತ್ತುವ ಮಾತು ಜಮಖಂಡಿ ಸೀಮೆಯವರಾದ ನಮಗೆ ಹೊಸದಲ್ಲ. ಮನುಷ್ಯನನ್ನು ಮೇಲಕ್ಕೆತ್ತುವ ಮಾತು ಬಂದರೆ ಮಾತ್ರ ನಮಗೆ ನೆನಪಾಗುವುದು ನಾಗರ ಪಂಚಮಿಯ ಜೋಕಾಲಿ. ತವರಿಗೆ ಬಂದ ಹೆಣ್ಣುಮಕ್ಕಳು ಬೇವಿನ ಮರಕ್ಕೆ ಹಗ್ಗ ಬಿಗಿದು, ಎದುರುಬದುರಾಗಿ ಇಬ್ಬಿಬ್ಬರು ನಿಂತು ಜೀಕಿದರೆಂದರೆ ಸೆರಗು ಮುಗಿಲನ್ನು ಮುಟ್ಟಿತೋ ಎನ್ನಿಸುತ್ತದೆ. ಈ ಹಾರಾಟಕ್ಕೆ ಗುರಿಯಿಲ್ಲ, ಲಾಭವಿಲ್ಲ. ಅದು ಯಾವ ಊರನ್ನೂ ಮುಟ್ಟುವುದಿಲ್ಲ. ಹೋಗಿ ಮರಳಿ ಇದ್ದಲ್ಲಿಗೇ ಬರುತ್ತದೆ. ಆದರೂ ವರ್ಷಕ್ಕೊಮ್ಮೆ ಅದಿಲ್ಲದೆ ನಮಗೆ ಶ್ರಾವಣ ಶ್ರಾವಣವಾಗದು.

ವಿಮಾನವನ್ನೂ ಹೀಗೆ ಜೋಕಾಲಿಯ ಭಾವದಿಂದ ಹಾರಿಸುವವರಿದ್ದಾರೆಂದು ನಾನು ತಿಳಿದದ್ದು ಬಹಳ ತಡವಾಗಿ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ನಮ್ಮೂರಿನ ಕಬ್ಬಿನ ರೈತರ ಮಗ, ಬೆಂಗಳೂರಿನಲ್ಲಿ ಎಂಜಿನಿಯರನಾಗಿದ್ದಾನೆ. ವಾರದ ಆರು ದಿನ ಕಚೇರಿಯ ಕೆಲಸ, ಏಳನೆಯ ದಿನ ಆಕಾಶ. ಅವನ ಬಳಿ ಇರುವುದು ಖಾಸಗಿ ವೈಮಾನಿಕರ ಪರವಾನಗಿ. ಅದನ್ನು ಪಡೆಯಲು ಹದಿನೇಳು ವರ್ಷ ತುಂಬಿರಬೇಕು, ವೈದ್ಯರ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಕಡಿಮೆಯೆಂದರೂ 40 ಗಂಟೆ ಹಾರಿರಬೇಕು. ಇಷ್ಟೆಲ್ಲ ಪಟ್ಟು ಪಡೆದ ಪರವಾನಗಿಯಿಂದ ಒಂದು ಕಾಸನ್ನೂ ಗಳಿಸುವಂತಿಲ್ಲ. ಪಕ್ಕದ ಆಸನದಲ್ಲಿ ಗೆಳೆಯನನ್ನು ಕೂರಿಸಿಕೊಳ್ಳಬಹುದು. ಅವನಿಂದ ಬಾಡಿಗೆ ಪಡೆಯಲಾಗದು. ಇಂಥ ಹವ್ಯಾಸಿಗಳು ಸುಮಾರು ಮೂವತ್ತು ಜನ ಕೂಡಿ ಒಂದು ಬಳಗ ಕಟ್ಟಿಕೊಂಡಿದ್ದಾರೆ. ಅದನ್ನು ನಡೆಸುವ ಹೊಣೆ ನನ್ನ ವಿದ್ಯಾರ್ಥಿಯ ಮೇಲೆ ಬಿದ್ದಿದೆ.

ನಮ್ಮ ನಾಡಿಗೆ ಈ ಹುಚ್ಚು ಇಂದು ನಿನ್ನೆಯದಲ್ಲ. ಭಾರತದಲ್ಲಿ ಕೊಡಲಾದ ಮೊದಲನೆಯ ವೈಮಾನಿಕ ಪರವಾನಗಿ 1929ರ ಫೆಬ್ರುವರಿ 10ರಂದು ಜೆ. ಆರ್. ಡಿ. ಟಾಟಾ ಅವರ ಕೈ ಸೇರಿತು. ಅವರೂ ಹಾರಲು ಕಲಿತದ್ದು ಮುಂಬಯಿಯ ಕ್ಲಬ್ಬೊಂದರಲ್ಲಿ ಹವ್ಯಾಸಿಯಾಗಿಯೇ. 1932ರ ಅಕ್ಟೋಬರ್ 15ರಂದು ಅವರು ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಮುಂದಕ್ಕೆ ಮದರಾಸಿಗೆ ಒಯ್ದರು. ದಾರಿಯಲ್ಲಿ ಅವರು ಇಳಿದು ತಂಗಿದ್ದು ನಮ್ಮ ಬಳ್ಳಾರಿಯಲ್ಲಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ವೈಮಾನಿಕ ಶಿಕ್ಷಣ ಶಾಲೆ ನೆಲೆಗೊಂಡಿತು. ಅಲ್ಲಿ ಕಲಿತು ಹೊರಬಂದ ಉಷಾ ಸುಂದರಂ 1951ರಲ್ಲಿ ಪತಿ ವಿ. ಸುಂದರಂ ಅವರೊಡನೆ ಲಂಡನ್ನಿನಿಂದ ಮುಂಬಯಿಗೆ ಚಿಕ್ಕ ವಿಮಾನವೊಂದನ್ನು ಹಾರಿಸಿಕೊಂಡು ಬಂದರು.

ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯವರು ಇಂಥ ಕ್ಲಬ್ಬುಗಳಿಗೆಂದೇ ಒಂದು ಪುಟ್ಟ ವಿಮಾನವನ್ನು ಮಾಡಿದರು. ಅದು ಮೊದಲು ಹಾರಿದ್ದು 1958ರ ಸೆಪ್ಟೆಂಬರ್ 28ರಂದು. ಉಕ್ಕಿನ ಕೊಳವೆಗಳ ಹಂದರ, ಮೇಲೆ ಬಟ್ಟೆಯ ಹೊದಿಕೆ, ತೊಂಬತ್ತು ಕುದುರೆಗಳ ಶಕ್ತಿಯ ಎಂಜಿನು, ಅಕ್ಕಪಕ್ಕ ಎರಡು ಆಸನ. ನೂರೈವತ್ತರಷ್ಟು ತಯಾರಾಗಿ ದೇಶದ ಕ್ಲಬ್ಬುಗಳಿಗೆ ಹಂಚಿಕೆಯಾದ ಈ ವಿಮಾನಕ್ಕೆ ಇಟ್ಟ ಹೆಸರು ‘ಪುಷ್ಪಕ’. ಮುಂದೆ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ರೂಪಿಸಿ 2000ದಲ್ಲಿ ಪ್ರಮಾಣಪತ್ರ ಪಡೆದ ಎರಡಾಸನದ ವಿಮಾನಕ್ಕೆ ‘ಹಂಸ’ ಎಂದು ಹೆಸರಾಯಿತು. ಇನ್ನೂ ಹಗುರವಾದ, ಬೆಂಗಳೂರಿನದೇ ಆದ ಮತ್ತೊಂದಕ್ಕೆ ‘ಹನುಮಾನ್’ ಎಂದರು. ಹೆಸರಿಡುವುದರಲ್ಲಿ ನಮ್ಮ ಎಂಜಿನಿಯರುಗಳು ಕನ್ನಡ ಪಂಡಿತರಿಗೇನೂ ಕಡಿಮೆಯವರಲ್ಲ. ರಾಮಾಯಣದ ಪುಷ್ಪಕದಲ್ಲಿ ಎಷ್ಟು ಜನ ಕುಳಿತರೂ ಇನ್ನೊಬ್ಬರಿಗೆ ಸ್ಥಳ ಉಳಿದಿರುತ್ತಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಬೆಂಗಳೂರಿನ ಪುಷ್ಪಕದಲ್ಲಿದ್ದುದು ಎರಡೇ ಆಸನ. ಆದರೆ ಹಾರಿಸುವವನನ್ನು ಬಿಟ್ಟು ಇನ್ನೊಬ್ಬನಿಗೆ ಅಲ್ಲಿಯೂ ಸ್ಥಳವಿತ್ತು.

ಆ ಇನ್ನೊಬ್ಬನಾಗುವ ಆಸೆ ನನಗೂ ಹುಟ್ಟಿತು. ಕಳೆದ ಆಷಾಢದಲ್ಲಿ ಪರೀಕ್ಷೆಯ ಕೆಲಸಕ್ಕಾಗಿ ಬೆಂಗಳೂರಿಗೆ ಹೋದವನು ಭಾನುವಾರ ನಸುಕಿನಲ್ಲಿಯೇ ಎದ್ದು ನಗರದ ಹೊರಗಿನ ಚಿಕ್ಕ ವಿಮಾನನೆಲೆಗೆ ವಿದ್ಯಾರ್ಥಿಯ ಸಂಗಡ ಹೊರಟೆ. ಅವನು ವಿಮಾನದ ಸುತ್ತ ನಡೆದು ಒಂದೊಂದನ್ನೇ ಮುಟ್ಟಿ ನೋಡಿದ ರೀತಿ ನನಗೆ ಹೊಸದೆನಿಸಲಿಲ್ಲ. ಬಂಡಿ ಹೂಡುವ ಮುನ್ನ ನಮ್ಮ ರೈತ ಕಡೆಗೀಲನ್ನು ತಡವಿ ನೋಡುವುದೂ ಹೀಗೆಯೇ. ಇಂಧನದ ತೊಟ್ಟಿಯ ತಳದಿಂದ ಗಾಜಿನ ಬಟ್ಟಲಿಗೆ ಒಂದಿಷ್ಟು ಇಳಿಸಿ ನೀರು ಸೇರಿದೆಯೇ ಎಂದು ಪರೀಕ್ಷಿಸಿದ. ಒಳಗೆ ಮುಳ್ಳು ತೋರಿಸುವ ಮಾಪಕವಿದ್ದರೂ ಕೋಲನ್ನು ಅದ್ದಿ ಇಂಧನವನ್ನು ಅಳೆದ. ಎಲ್ಲ ಮುಗಿದ ಮೇಲೆ ಪಡುವಲ ದಿಕ್ಕಿನತ್ತ ಬಹಳ ಹೊತ್ತು ನೋಡಿ ನಿಂತ.

“ಇವತ್ತು ಬ್ಯಾಡರೀ ಸರ. ಮೋಡ ಭಾಳ ತಳಗ ಇಳದಾವ.”

ನನಗೆ ಕಂಡದ್ದು ಬೆಂಗಳೂರಿನ ಮಾಮೂಲು ಮಬ್ಬು. “ಇಷ್ಟು ದೂರದಿಂದ ಬಂದೇನಿ, ಒಂದು ಸುತ್ತು ಸುದ್ದಾ ಇಲ್ಲೇನಪಾ?” ಎಂದೆ. ಗುರುವಿನ ಮಾತನ್ನು ಎಂದೂ ಮೀರದ ಹುಡುಗ ತಲೆ ತಗ್ಗಿಸಿ ನಿಂತ; ವಿಮಾನದ ಬಾಗಿಲನ್ನು ಮಾತ್ರ ತೆರೆಯಲಿಲ್ಲ. ನನಗೆ ಮುನಿಸು ಬಂದಿತೆಂಬುದನ್ನು ಮುಚ್ಚಿಡಲಾರೆ.

ಬಳಿಕ ಚಹದ ಅಂಗಡಿಯಲ್ಲಿ ಕುಳಿತು ಅವನು ಕಾರಣವನ್ನು ಬಿಡಿಸಿ ಹೇಳಿದ. ಇವರದು ಕಣ್ಣನ್ನು ನೆಚ್ಚಿದ ಹಾರಾಟ. ನೆಲ ಕಾಣುತ್ತಿರಬೇಕು, ಕ್ಷಿತಿಜ ಕಾಣುತ್ತಿರಬೇಕು. ಮೋಡ ಹೊಕ್ಕರೆ ಕಣ್ಣಿಗೆ ಆಧಾರ ತಪ್ಪುತ್ತದೆ. ಸಮತೋಲವನ್ನು ತಿಳಿಸುವ ಒಳಗಿವಿಯೂ ಆಗ ಮೋಸ ಮಾಡುತ್ತದೆ. ವಿಮಾನ ಒಂದು ಪಕ್ಕಕ್ಕೆ ವಾಲಿ ಸುತ್ತುತ್ತಿದ್ದರೂ ನೆಟ್ಟಗೆ ಹೋಗುತ್ತಿದ್ದೇನೆಂದೇ ಹಾರಿಸುವವನಿಗೆ ಅನ್ನಿಸುತ್ತದೆ. ಅದನ್ನು ಸರಿಪಡಿಸಹೋಗಿ ಕೆಡಿಸಿಕೊಂಡವರು ಅನೇಕರು. ಪಕ್ಕದ ಆಸನದಲ್ಲಿ ಬೇಕಾದವರು ಕುಳಿತಿದ್ದರಂತೂ ಇಲ್ಲವೆನ್ನಲು ನಾಲಗೆ ಏಳುವುದಿಲ್ಲ. “ಹಿಂದಕ ಒಮ್ಮಿ ನಾನೂ ನಾಲಿಗಿ ಕಚ್ಚಿಕೊಂಡು ಹೋಗೇನ್ರೀ ಸರ. ಅದನ್ನ ಬಳಗದಾಗ ಎಲ್ಲಾರ ಮುಂದ ಹೇಳೇನಿ. ಹೇಳಿದ ಮ್ಯಾಲ ಮತ್ತ ಅದನ್ನ ಮಾಡಾಕ ಬರೂದಿಲ್ಲ” ಎಂದ.

ಬಳಗ ನಡೆಸುವುದೆಂದರೆ ಏನೆಂದು ನಾನು ಕೇಳಿದೆ. ಚಂದಾ ಕೂಡಿಸುವುದು, ಹಾರಾಟದ ಸರದಿ ಗೊತ್ತುಮಾಡುವುದು, ವರ್ಷಕ್ಕೊಂದು ಊಟ ಏರ್ಪಡಿಸುವುದು, ಇಷ್ಟೇ ಇರಬೇಕೆಂದು ನನ್ನ ಎಣಿಕೆ. ಅವನು ನಕ್ಕು, “ನಮ್ಮ ಕೆಲಸ ಹಾರಸೂದಲ್ಲರೀ ಸರ, ಮಾತಾಡಸೂದು” ಎಂದ.

ಭಾನುವಾರ ಹಾರಾಟ ಮುಗಿದ ಮೇಲೆ ಎಲ್ಲರೂ ಒಂದೆಡೆ ಕೂಡಿ, ಆ ವಾರ ತಾನು ಮಾಡಿದ ತಪ್ಪನ್ನು ತಾನೇ ಹೇಳುವುದು ಅವರ ವಾಡಿಕೆ. ಒಮ್ಮೆ ಹೊಸ ಹುಡುಗನೊಬ್ಬ ಗಾಳಿಯ ದಿಕ್ಕನ್ನು ತಪ್ಪಾಗಿ ತಿಳಿದು, ಬೆನ್ನ ಹಿಂದೆ ಗಾಳಿಯಿರುವಾಗಲೇ ಇಳಿದುದನ್ನು ಹೇಳಿದನಂತೆ. ಎದುರುಗಾಳಿಯಲ್ಲಿ ಇಳಿದರೆ ವಿಮಾನ ಬೇಗ ನಿಲ್ಲುತ್ತದೆ. ಬೆನ್ನುಗಾಳಿಯಲ್ಲಿ ಇಳಿದರೆ ಓಡುದಾರಿ ಮುಗಿದರೂ ಓಟ ಮುಗಿಯದು. ಹುಡುಗನ ಮಾತಿಗೆ ಹಿರಿಯನೊಬ್ಬ ನಕ್ಕುಬಿಟ್ಟ. ಅಷ್ಟೇ. ಅಂದಿನಿಂದ ಮೂರು ತಿಂಗಳು ಯಾರನ್ನು ಕೇಳಿದರೂ “ಚೆನ್ನಾಗಿತ್ತು” ಎಂಬ ಒಂದೇ ಉತ್ತರ. “ಎಲ್ಲಾರೂ ಚೊಲೋ ಹಾರಾಕತ್ತಾರ ಅಂದಾಗ ನನಗ ಅಂಜಿಕಿ ಬಂತರೀ ಸರ” ಎಂದು ನನ್ನ ವಿದ್ಯಾರ್ಥಿ ಹೇಳಿದ. ಕೊನೆಗೆ ಅವನೇ ಎದ್ದು, ಮುಳ್ಳನ್ನು ನಂಬಿ ಕೋಲದ್ದದೆ ಹೊರಟು ಇಂಧನ ಬತ್ತುವ ಹೊತ್ತಿಗೆ ನೆಲ ಮುಟ್ಟಿದ ತನ್ನ ಕಥೆಯನ್ನು ಹೇಳಿದನಂತೆ. ಆ ಮೇಲೆ ಮೆಲ್ಲಗೆ ಒಬ್ಬೊಬ್ಬರ ಬಾಯಿ ಬಿಟ್ಟಿತು. ಈಗ ಅವರಲ್ಲಿ ಮೂರು ಕಟ್ಟಳೆಗಳಿವೆ: ಹೆಚ್ಚು ಅನುಭವವುಳ್ಳವರು ಮೊದಲು ತಮ್ಮ ತಪ್ಪನ್ನು ಹೇಳಬೇಕು, ನಕ್ಕವನು ಮುಂದಿನ ಸರದಿಯಲ್ಲಿ ತನ್ನದನ್ನು ಹೇಳಬೇಕು, ಪಾಠ ಹೊರಗೆ ಹೋಗಬಹುದು, ಹೆಸರು ಹೋಗಕೂಡದು.

ಈ ಮಾತನ್ನು ಕೇಳುತ್ತಿದ್ದಂತೆ ನನಗೆ ನಮ್ಮಜ್ಜನ ನೆನಪಾಯಿತು. ಹಿಪ್ಪರಗಿಯ ಬ್ಯಾರೇಜು, ಆಲಮಟ್ಟಿಯ ಅಣೆಕಟ್ಟು ಇಲ್ಲದಿದ್ದ ಕಾಲದಲ್ಲಿ ಅಜ್ಜ ಕೃಷ್ಣೆಯಲ್ಲಿ ನಾವೆ ನಡೆಸುತ್ತಿದ್ದ. ಹೊಳೆಯ ಹಾದಿ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಆದ್ದರಿಂದ ಅಂಬಿಗರೆಲ್ಲ ಸಂಜೆ ಆಲದ ಕಟ್ಟೆಯ ಮೇಲೆ ಕೂಡಿ, ಎಲ್ಲಿ ಉಸುಕಿನ ದಿಣ್ಣೆ ಎದ್ದಿದೆ, ಎಲ್ಲಿ ಸುಳಿ ಸರಿದಿದೆ ಎಂಬುದನ್ನು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಒಂದು ಶ್ರಾವಣದಲ್ಲಿ ಹೊಳೆ ತುಂಬಿ ಹರಿಯುವಾಗ ಅಜ್ಜನ ನಾವೆಯ ತಳಕ್ಕೆ ನೀರೊಳಗಿನ ಜಾಲಿಯ ಬೊಡ್ಡೆಯೊಂದು ಬಡಿಯಿತು. ನಾವೆ ವಾಲಿದರೂ ಮುಳುಗಲಿಲ್ಲ. ಹೆಸರಾದ ಅಂಬಿಗ ಬೊಡ್ಡೆಗೆ ಬಡಿಸಿದನೆಂದು ಜನ ಆಡಿಕೊಂಡಾರೆಂದು ಅಜ್ಜ ಅಂದು ಕಟ್ಟೆಯಲ್ಲಿ ಬಾಯಿ ಬಿಡಲಿಲ್ಲ. ಮರುದಿನ ಬೇರೊಬ್ಬನ ನಾವೆ ಅದೇ ಬೊಡ್ಡೆಗೆ ಬಡಿದು ಮಗುಚಿತು. ಎಲ್ಲರೂ ಈಜಿ ದಡ ಸೇರಿದರು. ಪಂಚಮಿಗೆ ತವರಿಗೆ ಹೊರಟಿದ್ದ ಒಬ್ಬ ಹೆಣ್ಣುಮಗಳು ಮಾತ್ರ ಸೇರಲಿಲ್ಲ.

ಅಜ್ಜ ಆಮೇಲೆ ಅದನ್ನು ಮುಚ್ಚಿಡಲಿಲ್ಲ. ಮೊಮ್ಮಕ್ಕಳಾದ ನಮಗೆ, ದಾರಿಹೋಕರಿಗೆ, ಕೇಳಿದವರಿಗೆ, ಕೇಳದವರಿಗೆ ಸಾಯುವವರೆಗೂ ಹೇಳುತ್ತಿದ್ದ. “ಬೊಡ್ಡಿ ಆಕೀನ ಕೊಲ್ಲಲಿಲ್ಲ, ನನ್ನ ಬಾಯಿ ಕೊಂದಿತು” ಎನ್ನುತ್ತಿದ್ದ. ಚಿಕ್ಕವನಾಗಿದ್ದಾಗ ನನಗೆ ಅದು ಮುದುಕನ ಗೊಣಗಾಟವೆಂದು ತೋರುತ್ತಿತ್ತು.

ಇದೇ ಮಾತು ಎಷ್ಟೋ ದೊಡ್ಡ ಪ್ರಮಾಣದಲ್ಲಿ ಅಮೆರಿಕೆಯಲ್ಲಿ ನಡೆದಿದೆ. 1974ರ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಕಡೆಗೆ ಇಳಿಯುತ್ತಿದ್ದ ಪ್ರಯಾಣಿಕ ವಿಮಾನವೊಂದು ನೆಲೆಯಿಂದ ಬಂದ ಅನುಮತಿಯ ಮಾತನ್ನು ತಪ್ಪಾಗಿ ಗ್ರಹಿಸಿ, ಬೇಗನೆ ಕೆಳಗಿಳಿದು ವರ್ಜೀನಿಯದ ಬೆಟ್ಟಕ್ಕೆ ಬಡಿಯಿತು. ಅದರಲ್ಲಿದ್ದ 92 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅದಕ್ಕೆ ಸುಮಾರು ಆರು ವಾರ ಮೊದಲು ಇನ್ನೊಂದು ಕಂಪನಿಯ ವೈಮಾನಿಕರು ಅದೇ ಸ್ಥಳದಲ್ಲಿ ಅದೇ ತಪ್ಪನ್ನು ಮಾಡಿ ಕೂದಲೆಳೆಯಲ್ಲಿ ಪಾರಾಗಿದ್ದರೆಂಬುದು ಬಳಿಕ ತಿಳಿಯಿತು. ಅವರು ತಮ್ಮ ಕಂಪನಿಗೆ ಹೇಳಿದ್ದರು, ಕಂಪನಿ ತನ್ನವರಿಗೆ ಹೇಳಿತ್ತು. ಮಾತು ಆ ಮನೆಯ ಹೊಸ್ತಿಲು ದಾಟಿರಲಿಲ್ಲ. 1976ರಲ್ಲಿ ಅಮೆರಿಕೆಯವರು ಒಂದು ಏರ್ಪಾಡು ಮಾಡಿದರು. ಯಾವ ವೈಮಾನಿಕನಾದರೂ ತನ್ನ ತಪ್ಪನ್ನು ಬರೆದು ಕಳುಹಿಸಬಹುದು. ಹೆಸರನ್ನು ಅಳಿಸಿ ಪಾಠವನ್ನು ಎಲ್ಲರಿಗೂ ಹಂಚಲಾಗುವುದು. ಈ ಪತ್ರಗಳನ್ನು ಪಡೆಯುವ ಕೆಲಸವನ್ನು ದಂಡ ವಿಧಿಸುವ ಇಲಾಖೆಗೆ ವಹಿಸಲಿಲ್ಲ, ನಾಸಾ ಸಂಸ್ಥೆಗೆ ವಹಿಸಿದರು. ಬೆತ್ತ ಹಿಡಿದವನ ಮುಂದೆ ಯಾವ ಹುಡುಗನೂ ನಿಜ ಹೇಳುವುದಿಲ್ಲವೆಂಬುದು ಮೇಷ್ಟರ ವೃತ್ತಿಯವನಾದ ನನಗೆ ಚೆನ್ನಾಗಿ ಗೊತ್ತು.

ಹಾರುವವರಲ್ಲಿ ಔದಾರ್ಯಕ್ಕೆ ಕೊರತೆಯಿಲ್ಲ. 1930ರಲ್ಲಿ ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಂಟಿಯಾಗಿ ಹಾರುವ ಮೊದಲ ಭಾರತೀಯನಿಗೆ ಆಗಾ ಖಾನರು ಬಹುಮಾನವಿಟ್ಟಿದ್ದರು. ಆ ಕಡೆಯಿಂದ ಹದಿನೇಳರ ಹುಡುಗ ಆಸ್ಪಿ ಎಂಜಿನಿಯರ್, ಈ ಕಡೆಯಿಂದ ಟಾಟಾ ಹೊರಟಿದ್ದರು. ಈಜಿಪ್ಟಿನ ಅಬುಕಿರ್‌ನಲ್ಲಿ ಹುಡುಗನ ಎಂಜಿನಿನ ಸ್ಪಾರ್ಕ್ ಪ್ಲಗ್ಗು ಕೆಟ್ಟು ನಿಂತಿತ್ತು. ಟಾಟಾ ತಮ್ಮಲ್ಲಿ ಹೆಚ್ಚಿಗೆ ಇದ್ದುದನ್ನು ಕೊಟ್ಟರು. ಹುಡುಗ ಗೆದ್ದ, ಟಾಟಾ ಸೋತರು. ಆ ಹುಡುಗ ಮುಂದೆ 1960ರಲ್ಲಿ ಭಾರತದ ವಾಯುಪಡೆಯ ಮುಖ್ಯಸ್ಥನಾದ. ಈ ಕಥೆಯನ್ನು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ, ಹೇಳತಕ್ಕದ್ದೇ. ಆದರೆ ಪ್ಲಗ್ಗನ್ನು ಕೊಟ್ಟವನ ಕೀರ್ತಿ ಬೆಳೆಯುತ್ತದೆ. ತನ್ನ ತಪ್ಪನ್ನು ಕೊಟ್ಟವನ ಕೀರ್ತಿ ಕುಂದುತ್ತದೆ. ಅದಕ್ಕಾಗಿಯೇ ಎರಡನೆಯ ದಾನ ಹೆಚ್ಚಿನದೆಂದು ನನಗೆ ತೋರುತ್ತದೆ.

ನಮ್ಮ ಸೀಮೆಯವರಿಗೆ ಕೂಡಿ ಕಟ್ಟುವ ಕೆಲಸ ತಿಳಿಯದ್ದಲ್ಲ. ನಮ್ಮ ಜಮಖಂಡಿ ತಾಲೂಕಿನ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ 1989ರಲ್ಲಿ ಚಿಕ್ಕಪಡಸಲಗಿಯ ಬಳಿ ತಮ್ಮ ಹಣ, ತಮ್ಮ ಬೆವರಿನಿಂದಲೇ ಕೃಷ್ಣೆಗೆ ಬ್ಯಾರೇಜು ಕಟ್ಟಿ ಅದನ್ನು ‘ಶ್ರಮಬಿಂದು ಸಾಗರ’ವೆಂದು ಕರೆದರು. ಕಲ್ಲು ಸಿಮೆಂಟಿನಿಂದ ಕಟ್ಟಿದ್ದು ಕಣ್ಣಿಗೆ ಕಾಣುತ್ತದೆ. ನಂಬಿಕೆಯಿಂದ ಕಟ್ಟಿದ್ದು ಕಾಣದು. ಒಂದು ನಗೆಗೆ ಒಡೆಯುತ್ತದೆ, ಮತ್ತೆ ಕಟ್ಟಲು ತಿಂಗಳುಗಳು ಹಿಡಿಯುತ್ತವೆ. ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿಯೂ ವರ್ಷವೆಲ್ಲ “ಚೆನ್ನಾಗಿದೆ” ಎಂಬ ಉತ್ತರವೇ ಕೇಳಿಬರುತ್ತದೆ. ನಾನು ತಪ್ಪಾಗಿ ಹೇಳಿಕೊಟ್ಟ ಪಾಠಗಳೆಷ್ಟೋ! ಅವುಗಳಲ್ಲಿ ಒಂದನ್ನಾದರೂ ನನ್ನ ಕಿರಿಯ ಸಹೋದ್ಯೋಗಿಗೆ ಹೇಳಿದ್ದುಂಟೇ ಎಂದು ಮರಳಿ ಬರುವಾಗ ರೈಲಿನಲ್ಲಿ ಕುಳಿತು ಯೋಚಿಸಿದೆ. ನೆನಪಾಗಲಿಲ್ಲ.

ಅಂದು ಬೆಳಿಗ್ಗೆ ಹತ್ತರ ಸುಮಾರಿಗೆ ಆ ಮೋಡ ಇನ್ನೂ ಕೆಳಗಿಳಿದು ಜಡಿಮಳೆ ಹಿಡಿದಿತ್ತು. ನನ್ನ ವಿದ್ಯಾರ್ಥಿ ಆ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ನನಗೆ ಇನ್ನೊಂದು ಕಪ್ಪು ಚಹ ತರಿಸಿದ. ಮುಂದಿನ ಭಾನುವಾರದ ಕೂಟದಲ್ಲಿ ಹೇಳಲು ನನ್ನದೊಂದು ಕಥೆಯನ್ನು ಅವನಿಗೆ ಕೊಟ್ಟುಬಂದೆ: ಪಕ್ಕದ ಆಸನಕ್ಕೆ ಆಸೆಪಟ್ಟು ಹಾರಿಸುವವನನ್ನು ಒತ್ತಾಯಿಸಿದ ಒಬ್ಬ ಮೇಷ್ಟರ ಕಥೆ.

ಈ ಸಲದ ಪಂಚಮಿಗೆ ಊರಿಗೆ ಹೋದಾಗ ಬೇವಿನ ಮರದ ಕೆಳಗೆ ನನ್ನ ಅಕ್ಕ ಜೋಕಾಲಿಯ ಹಗ್ಗವನ್ನು ಮೊಳಮೊಳವೂ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಹುಡುಗಿಯರು ಅವಸರಪಡಿಸುತ್ತಿದ್ದರು. “ಹ್ವಾದ ವರ್ಷ ನಾನ ನೋಡದ ಕಟ್ಟಿದ್ನೆ, ಹುರಿ ಸವದಿತ್ತು. ನಿಲ್ಲರಿ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಹುಡುಗಿಯರು ನಿಂತರು. ಹಗ್ಗವನ್ನು ತುದಿಯವರೆಗೆ ನೋಡಿ ಮುಗಿಸಿದ ಮೇಲೆ ಅವಳೇ ಮೊದಲು ಹತ್ತಿ ಜೀಕಿದಳು.