ಹಿತ್ತಲಲ್ಲಿ ಕಾವು ಕೂತ ಹೇಂಟೆ

ಶಿರಾ ತಾಲ್ಲೂಕಿನ ಒಂದು ಮನೆಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸುವುದು ಎಪ್ಪತ್ತು ದಾಟಿದ ಅಜ್ಜಿಯ ಕೆಲಸ. ಹಳೆಯ ಬಿದಿರು ಮಂಕರಿಯ ತಳಕ್ಕೆ ಜರಡಿ ಹಿಡಿದ ಮರಳು, ಅದರ ಮೇಲೆ ಒಲೆಯ ಬೂದಿ, ಮೇಲೊಂದು ರಾಗಿ ಹುಲ್ಲಿನ ಹಾಸು. ಬೂದಿ ಇದ್ದರೆ ಕೂರೆ ಹತ್ತುವುದು ಕಡಿಮೆ. ಆಮೇಲೆ ಮೊಟ್ಟೆಗಳನ್ನು ಒಂದೊಂದಾಗಿ ಅಂಗೈಯಲ್ಲಿ ಹೊರಳಿಸಿ ನೋಡುತ್ತಾರೆ. ತೀರಾ ಉದ್ದನೆಯದು, ತೀರಾ ಗುಂಡಗಿನದು, ಸಿಪ್ಪೆ ಒರಟಾದದ್ದು, ವಾರ ದಾಟಿದ್ದು ಎಲ್ಲವೂ ಅಡುಗೆಮನೆಗೆ. ಉಳಿದ ಹತ್ತೋ ಹನ್ನೊಂದೋ ಮಂಕರಿಗೆ. ಒಂದು ಹೇಂಟೆಯ ಹೊಟ್ಟೆಯಡಿ ಬೆಚ್ಚಗಿರುವುದು ಅಷ್ಟೇ.

ಕೊನೆಗೆ ಒಂದು ತುಂಡು ಇದ್ದಿಲು, ಒಂದು ಒಣಮೆಣಸಿನಕಾಯಿ, ಒಂದು ಕಬ್ಬಿಣದ ಮೊಳೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಇವನ್ನು ಇಡುವುದು ನಮ್ಮ ಹಳ್ಳಿಗಳಲ್ಲಿ ಎಂದಿನಿಂದಲೋ ಬಂದ ರೂಢಿ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಸೊಸೆಗೆ ಮೊದಮೊದಲು ಇದು ವಿಚಿತ್ರವಾಗಿ ಕಂಡಿತ್ತು. ಈಗ ಮೊಳೆ ಹುಡುಕಿ ತಂದುಕೊಡುವವರು ಅವರೇ.

ಕೋಳಿಯನ್ನು ಮಂಕರಿಗೆ ಬಿಡುವುದು ಕತ್ತಲಾದ ಮೇಲೆ. ಹಗಲಲ್ಲಿ ಬಿಟ್ಟರೆ ಎದ್ದು ಹೋಗುತ್ತದೆ. ಅಲ್ಲಿಂದ 21 ದಿನ. ದಿನಕ್ಕೊಮ್ಮೆ ಅದನ್ನು ಎತ್ತಿ ಹೊರಗೆ ಬಿಟ್ಟು, ನುಚ್ಚು, ನೀರು ಕೊಟ್ಟು, ಹಿಕ್ಕೆ ಹಾಕಿದ ಮೇಲೆ ಮತ್ತೆ ಮಂಕರಿಗೆ. ಮೊಟ್ಟೆಮರಿ ಕೇಂದ್ರದ ಯಂತ್ರ 37.5 ಡಿಗ್ರಿ ಸೆಲ್ಸಿಯಸ್‌ ಶಾಖ ಕಾಪಾಡಿ, ಮೊಟ್ಟೆಗಳನ್ನು ಗಂಟೆಗಂಟೆಗೆ ಹೊರಳಿಸುವ ಕೆಲಸವನ್ನು ಈ ಹೇಂಟೆ ತನ್ನ ಮೈಶಾಖ, ಕೊಕ್ಕುಗಳಿಂದಲೇ ಮಾಡುತ್ತದೆ. ಏಳನೇ ರಾತ್ರಿ ಸೊಸೆ ಮೊಬೈಲ್‌ ಟಾರ್ಚಿನ ಬೆಳಕಿಗೆ ಮೊಟ್ಟೆ ಹಿಡಿದು ನೋಡುತ್ತಾರೆ; ಕೆಂಪು ನರಗಳು ಕವಲೊಡೆದಿದ್ದರೆ ಜೀವ ಇದೆ, ಬರೀ ತಿಳಿಯಾಗಿದ್ದರೆ ಇಲ್ಲ. ಅಜ್ಜಿಯ ಪರೀಕ್ಷೆ ಬೇರೆ. ಇನ್ನೆರಡು ದಿನಕ್ಕೆ ಮರಿ ಒಡೆಯಬೇಕು ಎನ್ನುವಾಗ ಅಗಲ ಪಾತ್ರೆಯಲ್ಲಿ ಉಗುರುಬೆಚ್ಚನೆ ನೀರಿಟ್ಟು ಮೊಟ್ಟೆಗಳನ್ನು ತೇಲಿಬಿಡುತ್ತಾರೆ. ಗಾಳಿಯಿಲ್ಲದಿದ್ದರೂ ನೀರಿನಲ್ಲಿ ಮೊಟ್ಟೆ ತಾನಾಗಿ ಮಿಸುಕುತ್ತದೆ. “ನೋಡವ್ವ, ಒಳಗೆ ಕಾಲಾಡುಸ್ತಾ ಐತೆ” ಎಂದು ಅಜ್ಜಿ ಹೇಳುವಾಗ ಮೊಮ್ಮಗಳು ಉಸಿರು ಬಿಗಿಹಿಡಿದು ನಿಂತಿರುತ್ತಾಳೆ.

ಪೀಣ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಗ, ಕೋವಿಡ್‌ ಕಾಲದಲ್ಲಿ ಹೆಂಡತಿ ಮಗಳೊಂದಿಗೆ ಊರಿಗೆ ಬಂದವರು ಅಲ್ಲೇ ಉಳಿದರು. ಹೊಲ ಮಳೆಯಾಶ್ರಿತ, ಶೇಂಗಾ ಕೈಗೆ ಬಂದರೆ ಬಂತು. ಹಿತ್ತಲನ್ನೇ ನೆಚ್ಚುವುದು ಅನಿವಾರ್ಯವಾಯಿತು.

ಮರಿಗಳ ಮೊದಲ ಆಹಾರದಲ್ಲಿ ಅಜ್ಜಿಯ ಇನ್ನೊಂದು ವಿದ್ಯೆ ಇದೆ. ಒಡಕು ಮಡಕೆಯೊಳಗೆ ಒದ್ದೆ ಹುಲ್ಲು, ಹಳೆ ಗೋಣಿಚೀಲದ ಚೂರು, ಒಂದಿಷ್ಟು ಸಗಣಿ ತುಂಬಿ ಸಂಜೆ ಹೊತ್ತು ಹುತ್ತದ ಬಾಯಿಗೆ ಬೋರಲು ಹಾಕಿ ಬರುತ್ತಾರೆ. ಬೆಳಗ್ಗೆ ಎತ್ತಿದರೆ ಮಡಕೆ ತುಂಬ ಗೆದ್ದಲು. ಅಂಗಳದಲ್ಲಿ ಕೊಡವಿದ ತಕ್ಷಣ ಪಿಳ್ಳೆಗಳು ಮುಗಿಬೀಳುತ್ತವೆ. ಪೇಟೆಯ ಮರಿ ಆಹಾರದಲ್ಲಿ ಸೋಯಾ ಹಿಂಡಿ ಒದಗಿಸುವ ಪ್ರೋಟೀನು ಇಲ್ಲಿ ಕಾಸು ಖರ್ಚಿಲ್ಲದೆ ಸಿಗುತ್ತದೆ. ಶೇಂಗಾ ಹೊಲಕ್ಕೆ ಶತ್ರುವಾದ ಹುಳ ಮನೆಯ ಕೋಳಿಗೆ ಮೇವಾಗುವುದನ್ನು ಕಂಡಾಗ, ಇದನ್ನು ಯಾವ ತರಬೇತಿಯಲ್ಲೂ ಮೊದಲ ಪಾಠವಾಗಿ ಹೇಳಬೇಕು ಅನ್ನಿಸುತ್ತದೆ.

ಕೈತೋಟ ಸೊಸೆಯದು. ಬಚ್ಚಲ ನೀರು ಕಾಲುವೆಯಲ್ಲಿ ಹರಿದು ಬಾಳೆ ಬುಡಕ್ಕೆ, ಅಲ್ಲಿಂದ ಕೆಸುವಿಗೆ. ಬೇಲಿಗುಂಟ ನುಗ್ಗೆ, ಚಪ್ಪರಕ್ಕೆ ಹೀರೆ, ಅವರೆ. ದಂಟು, ಕೊತ್ತಂಬರಿ ಮಡಿಗಳಿಗೆ ಹಳೆ ಸೀರೆಗಳ ಗೋಡೆ. ಇಲ್ಲದಿದ್ದರೆ ಮೊಳಕೆ ಎದ್ದ ದಿನವೇ ಕೋಳಿಗಳು ಕೆದರಿ ಮುಗಿಸುತ್ತವೆ. ಸೊಪ್ಪು ಕಿತ್ತು ಮುಗಿದ ಮಡಿಗೆ ಮಾತ್ರ ಅವಕ್ಕೆ ಪ್ರವೇಶ. ಹುಳ, ಕಳೆಬೀಜ ಎರಡನ್ನೂ ಅವು ಹೆಕ್ಕಿಬಿಡುತ್ತವೆ. ಗೂಡಿನೊಳಗೆ ಶೇಂಗಾ ಸಿಪ್ಪೆ ಹಾಸಿದ್ದಾರೆ. ಹಿಕ್ಕೆಯೊಂದಿಗೆ ಬೆರೆತ ಆ ಸಿಪ್ಪೆ ನೇರ ಗಿಡಕ್ಕೆ ಹೋಗುವುದಿಲ್ಲ. ಹಸಿ ಕೋಳಿಗೊಬ್ಬರದಲ್ಲಿ ಸಾರಜನಕ ದನದ ಗೊಬ್ಬರಕ್ಕಿಂತ ಹೆಚ್ಚು. ಎಳೆಗಿಡದ ಬೇರು ಸುಟ್ಟುಹೋಗುತ್ತದೆ. ಒಣ ಎಲೆಯೊಂದಿಗೆ ತಿಪ್ಪೆಯಲ್ಲಿ ಕೆಲವು ತಿಂಗಳು ಕಳಿತ ಮೇಲೆ ಮಡಿಗೆ. ಮೊಟ್ಟೆ ಚಿಪ್ಪು ಕೂಡ ಹುರಿದು ಪುಡಿಯಾಗಿ ಮತ್ತೆ ಕೋಳಿಗೇ ಸೇರುತ್ತದೆ. ಒಂದು ಮೊಟ್ಟೆಯ ಚಿಪ್ಪಿಗೆ ಕೋಳಿಯ ಮೈಯಿಂದ ಸುಮಾರು 2 ಗ್ರಾಂ ಸುಣ್ಣದಂಶ ಹೋಗುತ್ತದೆ, ಅದು ಎಲ್ಲಿಂದಲಾದರೂ ಬರಬೇಕಲ್ಲ.

ಮಗ ತಂದದ್ದು ಗಿರಿರಾಜ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿದ್ದಾಗ ಹಿತ್ತಲ ಸಾಕಣೆಗೆಂದೇ ಬೆಳೆಸಿದ ತಳಿ ಇದು. ಆಮೇಲೆ 2005ರಲ್ಲಿ ಸ್ವರ್ಣಧಾರ ಬಂತು. ನಾಟಿ ಹೇಂಟೆ ವರ್ಷಕ್ಕೆ 50–60 ಮೊಟ್ಟೆ ಇಟ್ಟರೆ ಗಿರಿರಾಜ 130–150 ಇಡುತ್ತದೆ. ಮೈಯೂ ಬೇಗ ತುಂಬುತ್ತದೆ. ಆದರೆ ಕಾವು ಕೂರುವುದು ಅದರ ಜಾಯಮಾನದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮಿಶ್ರತಳಿಯಾದ್ದರಿಂದ ಅದರ ಮರಿಗಳಲ್ಲಿ ತಾಯಿಯ ಗುಣ ಪೂರ್ತಿ ಉಳಿಯುವುದೂ ಇಲ್ಲ. ಪ್ರತಿ ಸಲ ಮರಿ ಬೇಕಾದಾಗ ಕೊಂಡೇ ತರಬೇಕು. ಮೊಟ್ಟೆಯ ಲೆಕ್ಕದಲ್ಲಿ ಮಗ ಗೆದ್ದರು. ಮರಿಯ ಲೆಕ್ಕದಲ್ಲಿ ಅಜ್ಜಿಯ ನಾಟಿ ಕೋಳಿಯೇ ಮುಂದು.

ಈ ನಾಟಿ ಕೋಳಿಯ ಕುಲವೂ ಸಣ್ಣದಲ್ಲ. ಸಾಕುಕೋಳಿಯ ಮೂಲ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಕೋಳಿಯ ಹಳದಿ ಚರ್ಮದ ಗುಣ ಬಂದಿರುವುದು ನಮ್ಮ ಪಶ್ಚಿಮಘಟ್ಟದಲ್ಲೂ ಕೂಗುವ ಬೂದು ಕಾಡುಕೋಳಿಯಿಂದ ಎಂದು ಸ್ವೀಡನ್ನಿನ ವಿಜ್ಞಾನಿಗಳ ತಂಡ 2008ರಲ್ಲಿ ತೋರಿಸಿತು.

ಹದ್ದು, ಮುಂಗುಸಿಗಳನ್ನು ಹೇಗೋ ಸಂಭಾಳಿಸಬಹುದು. ಊರಿಗೂರನ್ನೇ ಖಾಲಿ ಮಾಡುವುದು ಕೊಕ್ಕರೆ ರೋಗ. ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ 1928ರಲ್ಲಿ ದಾಖಲಾದ್ದರಿಂದ ರಾಣಿಖೇತ್‌ ರೋಗ ಎಂದೇ ಹೆಸರು. ಹಸಿರು ಭೇದಿ, ತಿರುಚಿದ ಕತ್ತು, ಎರಡು ಮೂರು ದಿನದಲ್ಲಿ ಗೂಡು ಬರಿದು. ಈ ಮನೆಯೂ ಒಂದು ಬೇಸಿಗೆಯಲ್ಲಿ ಅದನ್ನು ಕಂಡಿದೆ. ಔಷಧಿ ಇಲ್ಲ, ಲಸಿಕೆ ಇದೆ: ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರದ ಸುಮಾರಿಗೆ ಮತ್ತೊಮ್ಮೆ, ಎಂಟನೇ ವಾರ ರೆಕ್ಕೆಯಡಿ ಚುಚ್ಚುಮದ್ದು. ತೊಡಕಿರುವುದು ಸೀಸೆಯಲ್ಲಿ. ಅದರಲ್ಲಿ ನೂರು ಅಥವಾ ಇನ್ನೂ ಹೆಚ್ಚು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ಒಮ್ಮೆ ಕಲಸಿದರೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯವರೆಗೆ ಐಸಿನಲ್ಲೇ ಇರಬೇಕು. ಹದಿನೈದು ಕೋಳಿಯ ಮನೆಗೆ ಅದು ಹೊರೆ. ಹಾಗಾಗಿ ಸೊಸೆ ಬೀದಿಯ ಹೆಂಗಸರನ್ನು ಸೇರಿಸಿ, ಒಂದೇ ದಿನ ಎಲ್ಲ ಮನೆಗೂ ಹಾಕಿಸುವ ಏರ್ಪಾಟು ಮಾಡಿದ್ದಾರೆ. ಕೋಳಿಗಳು ಗೂಡಿನಿಂದ ಇಳಿಯುವ ಮುಂಚೆ, ಬೆಳಗಿನ ಜಾವದಲ್ಲೇ ಕೆಲಸ. ಮೊಟ್ಟೆ ಕಾಸು ಹೆಂಗಸರ ಪುಡಿಗಾಸು ಎಂಬ ಉದಾಸೀನ ಬಿಟ್ಟು, ಸಣ್ಣ ಸೀಸೆಯ ಲಸಿಕೆ ಪ್ರತಿ ಹಳ್ಳಿಗೂ ಸಿಗುವಂತಾದರೆ ಇಂಥ ಮನೆಗಳಿಗೆ ಸಾಲಕ್ಕಿಂತ ದೊಡ್ಡ ನೆರವಾದೀತು.

ಮೊದಲೆಲ್ಲ ಅಜ್ಜಿಯ ಕಾವು ಕೋಳಿಯನ್ನು ಅಕ್ಕಪಕ್ಕದವರು ಎರವಲು ಒಯ್ಯುತ್ತಿದ್ದರು. ಮರಿಯಾದ ಮೇಲೆ ಅರ್ಧ ಪಾಲು ಈ ಮನೆಗೆ. ಈಗ ತಿಂಗಳ ಮರಿಗಳು ಬೈಕಿನ ಮೇಲೆ ಬೀದಿಗೇ ಮಾರಲು ಬರುತ್ತವೆ, ಕೇಳುವವರು ಕಡಿಮೆ. ನಾಟಿ ಕೋಳಿಗೆ ಮಾರಮ್ಮನ ಜಾತ್ರೆ ಹತ್ತಿರವಾದಂತೆ ಬೆಲೆ ಏರುತ್ತದೆ, ಬೀದಿಯಲ್ಲಿದ್ದ ಕಾವಿನ ಹೇಂಟೆಗಳೆಲ್ಲ ಹಾಗೇ ಮಾರಾಟವಾಗಿ ಹೋದವು. ಈ ಮನೆಯಲ್ಲಿ ಎರಡು ಉಳಿದಿವೆ. ಈ ಸಲದ ಜಾತ್ರೆಗೂ ಅವನ್ನು ಕೊಡುವುದಿಲ್ಲ ಎಂದು ಅತ್ತೆ ಸೊಸೆ ಇಬ್ಬರೂ ಮಾತಾಡಿಕೊಂಡಿದ್ದಾರೆ.